ಮನೆ ಮಳೆಗಾಲಕ್ಕೆ ತಯಾರು, ಗಾಡಿ ಮಾತ್ರ ಇಲ್ಲ

ಸಂಪಾದಕರೇ,

ಮಳೆ ಹಿಡಿದ ಮೇಲೆ ನಿಮ್ಮ ಪತ್ರ ವಿಭಾಗದಲ್ಲಿ ರಸ್ತೆ ಗುಂಡಿಯದ್ದೇ ಮಾತು. ಗುಂಡಿಯಲ್ಲಿ ಬಾಳೆಗಿಡ ನೆಟ್ಟ ಫೋಟೊ, ಅದರ ಕೆಳಗೆ ಬೈಗುಳ. ಬೈಯಬೇಕಾದ್ದೇ, ನಾನೂ ಬೈಯುತ್ತೇನೆ. ಆದರೆ ತೀರ್ಥಹಳ್ಳಿಯಲ್ಲಿ ಟೈರ್ ಅಂಗಡಿ ಇಟ್ಟುಕೊಂಡು ಕೂತವನ ಕಣ್ಣಿಗೆ ದಿನಾ ಬೀಳುವ ಇನ್ನೊಂದು ಸಂಗತಿ ಇದೆ. ಆ ಗುಂಡಿಗೆ ಇಳಿಯುವ ಗಾಡಿ ಯಾವ ಸ್ಥಿತಿಯಲ್ಲಿದೆ ಅಂತ ಯಾರೂ ಬರೆಯುವುದಿಲ್ಲ.

ನಮ್ಮ ಕಡೆ ಮಳೆಗಾಲದ ತಯಾರಿ ಅಂದರೆ ಸಣ್ಣ ಕೆಲಸ ಅಲ್ಲ. ಬೇಸಿಗೆಯಲ್ಲೇ ಕಟ್ಟಿಗೆ ಒಡೆಸಿ ಒಳಗೆ ತುಂಬುತ್ತಾರೆ. ಮಾಡು ಹತ್ತಿ ಹೆಂಚು ಕೈಯಾಡಿಸುತ್ತಾರೆ. ಇರಿಚಲು ಹೊಡೆಯುವ ಕಡೆ ಸೋಗೆಯ ತಡಿಕೆ ಕಟ್ಟುತ್ತಾರೆ, ಸೋಗೆ ಸಿಗದಿದ್ದರೆ ಪ್ಲಾಸ್ಟಿಕ್ ಶೀಟ್. ಹಪ್ಪಳ, ಸಂಡಿಗೆ ಡಬ್ಬಿ ಸೇರಿರುತ್ತದೆ. ಅಡಿಕೆಗೆ ಕೊಳೆ ರೋಗ ಬರದ ಹಾಗೆ ಬೋರ್ಡೊ ದ್ರಾವಣ ಹೊಡೆಯಲು ಮರ ಹತ್ತುವ ಕೊನೆಗಾರನಿಗೆ ಮುಂಚೆಯೇ ಹೇಳಿಟ್ಟಿರುತ್ತಾರೆ. ಅದೇ ಮನೆಯ ಅಂಗಳದಲ್ಲಿ ನಿಂತ ಕಾರಿನ ಟೈರ್ ಬೋಳು. ವೈಪರ್ ರಬ್ಬರ್ ಬಿಸಿಲಿಗೆ ಒಣಗಿ ಸೀಳು ಬಿಟ್ಟಿರುತ್ತದೆ. ಮೃಗಶಿರ ಮಳೆ ಜೋರಾಗಿ ಬಿದ್ದ ಮಾರನೇ ದಿನ ಎಲ್ಲರೂ ಒಟ್ಟಿಗೆ ಅಂಗಡಿಗೆ ಬರುತ್ತಾರೆ. ಕೆಲವರು ಕಾರು ಓಡಿಸಿಕೊಂಡು ಬರುತ್ತಾರೆ, ಕೆಲವರು ಎಳೆಸಿಕೊಂಡು ಬರುತ್ತಾರೆ.

ಟೈರ್ ಮಾರುವವನು ಟೈರ್ ಹಾಕಿಸಿ ಅನ್ನದೆ ಇನ್ನೇನು ಅಂತಾನೆ ಅಂತ ನೀವು ಅಂದುಕೊಳ್ಳಬಹುದು. ಅಂದುಕೊಳ್ಳಿ. ಆದರೆ ನಾನು ಇಲ್ಲಿ ಹೇಳುವ ಹೆಚ್ಚಿನ ಕೆಲಸಕ್ಕೆ ದುಡ್ಡು ಬೇಡ. ಸೊಂಟ ಬಗ್ಗಿಸಿ ನೋಡಿದರೆ ಸಾಕು.

ಟೈರಿನ ಮೇಲೆ ಗೀರುಗಳಿರುತ್ತವಲ್ಲ, ಅವು ಚಂದಕ್ಕೆ ಇಟ್ಟದ್ದಲ್ಲ. ಒಂದೊಂದು ಟೈರ್ ರಸ್ತೆಗೆ ತಾಗಿರುವ ಜಾಗ ಸುಮಾರು ಒಂದು ಅಂಗೈ ಅಗಲ. ನಾಲ್ಕು ಅಂಗೈ ಜಾಗದ ಮೇಲೆ ಇಡೀ ಕಾರು, ಒಳಗಿರುವ ಸಂಸಾರ, ಡಿಕ್ಕಿಯಲ್ಲಿರುವ ಹಲಸಿನಹಣ್ಣು ಎಲ್ಲಾ ನಿಂತಿದೆ. ಮಳೆಯಲ್ಲಿ ಆ ಜಾಗಕ್ಕೆ ಬಂದ ನೀರನ್ನು ಗೀರುಗಳು ಪಕ್ಕಕ್ಕೆ ದಾಟಿಸಬೇಕು. ಗೀರು ಸವೆದು ತೆಳ್ಳಗಾದರೆ ನೀರಿಗೆ ಹೋಗಲು ದಾರಿ ಇಲ್ಲ. ವೇಗ ಜಾಸ್ತಿಯಾದ ಕೂಡಲೇ ಟೈರ್ ನೀರಿನ ಮೇಲೆ ಹತ್ತಿಬಿಡುತ್ತದೆ. ಆಗ ಸ್ಟೇರಿಂಗ್ ಇದ್ದಕ್ಕಿದ್ದ ಹಾಗೆ ಹಗುರಾಗುತ್ತದೆ. ಎಡಕ್ಕೆ ತಿರುಗಿಸಿದರೂ ಗಾಡಿ ನೇರವೇ ಹೋಗುತ್ತದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ದಾಟಿದ ಮೇಲೆ ಒಳ್ಳೆ ಟೈರಿಗೂ ಇದು ಆಗಬಹುದು. ಬೋಳು ಟೈರಿಗೆ ಅಷ್ಟು ವೇಗವೂ ಬೇಡ. ಹಾಗೆ ಆದಾಗ ಬ್ರೇಕ್ ಒದೆಯಬಾರದು. ಆಕ್ಸಲರೇಟರ್‌ನಿಂದ ಕಾಲು ತೆಗೆದು, ಸ್ಟೇರಿಂಗ್ ನೇರ ಹಿಡಿದುಕೊಂಡು ಟೈರ್ ಮತ್ತೆ ನೆಲ ಹಿಡಿಯುವ ತನಕ ಕಾಯಬೇಕು. ಈಗಿನ ಕಾರುಗಳಲ್ಲಿ ಕಾಲು ಇಡದೆಯೂ ಒಂದೇ ವೇಗ ಹಿಡಿದುಕೊಂಡು ಹೋಗುವ ಕ್ರೂಸ್ ಕಂಟ್ರೋಲ್ ಅಂತ ಇದೆ, ಅದನ್ನು ಮಳೆಯಲ್ಲಿ ಹಾಕಲೇಬೇಡಿ. ರಸ್ತೆ ಒಣಗಿದೆಯೋ ಒದ್ದೆಯೋ ಅಂತ ಅದು ಕೇಳುವುದಿಲ್ಲ.

ಕಾನೂನಿನ ಪ್ರಕಾರ ಕಾರಿನ ಟೈರಿನ ಗೀರು ಕನಿಷ್ಠ 1.6 ಮಿ.ಮೀ. ಆಳ ಇರಬೇಕು. ಅಳೆಯಲು ಏನೂ ಬೇಡ. ಟೈರಿನ ಪಕ್ಕದಲ್ಲಿ, ಗೀರು ಮುಗಿಯುವ ಕಡೆ, ಒಂದು ಸಣ್ಣ ತ್ರಿಕೋನವೋ ಟಿ.ಡಬ್ಲ್ಯು.ಐ. ಅನ್ನುವ ಅಕ್ಷರವೋ ಇರುತ್ತದೆ. ಅದರ ನೇರಕ್ಕೆ ಗೀರಿನ ಒಳಗೆ ನೋಡಿದರೆ ಒಂದು ಸಣ್ಣ ದಿಬ್ಬ ಕಾಣುತ್ತದೆ. ಮೇಲಿನ ರಬ್ಬರ್ ಸವೆದು ಆ ದಿಬ್ಬಕ್ಕೆ ಸಮ ಬಂತು ಅಂದರೆ ಟೈರಿನ ಕಥೆ ಮುಗಿಯಿತು. ನನ್ನನ್ನು ಕೇಳಿದರೆ ನಮ್ಮ ಘಟ್ಟದ ಮಳೆಗೆ ಅದಕ್ಕಿಂತ ಮುಂಚೆಯೇ ಬಿಚ್ಚಬೇಕು. 1.6 ಅನ್ನುವುದು ಕಾನೂನಿನ ಲೆಕ್ಕ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಸುರಿಯುವ ಆಗುಂಬೆಗೆ ಅದು ಸಾಲುವುದಿಲ್ಲ.

ಇನ್ನೊಂದು, ಟೈರಿನ ವಯಸ್ಸು. ಪಕ್ಕದಲ್ಲಿ ಒಂದು ಸಣ್ಣ ಅಂಡಾಕಾರದ ಗುರುತಿನೊಳಗೆ 4 ಅಂಕಿ ಇರುತ್ತದೆ. 2318 ಅಂತ ಇದ್ದರೆ 2018ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಮನೆ ಮುಂದೆ ನಿಂತೇ ಇರುವ, ಮದುವೆ ಮುಂಜಿಗೆ ಮಾತ್ರ ಹೊರಡುವ ಕಾರುಗಳಲ್ಲಿ ಗೀರು ಚೆನ್ನಾಗಿಯೇ ಇರುತ್ತದೆ, ರಬ್ಬರ್ ಮಾತ್ರ ಗಟ್ಟಿಯಾಗಿ ಸಣ್ಣ ಸಣ್ಣ ಬಿರುಕು ಬಿಟ್ಟಿರುತ್ತದೆ. ಗಟ್ಟಿ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. "ಓಡೇ ಇಲ್ಲ ಸ್ವಾಮಿ, ಹೊಸದರ ಹಾಗೇ ಇದೆ" ಅಂತ ವಾದ ಮಾಡುವವರಿಗೆ ಆ 4 ಅಂಕಿ ತೋರಿಸುತ್ತೇನೆ.

ಕಳೆದ ಜುಲೈನಲ್ಲಿ ಒಂದು ಶನಿವಾರ ಮಧ್ಯಾಹ್ನ ಬೆಂಗಳೂರಿನ ಕಾರೊಂದು ಬಂತು. ನಾಲ್ಕು ಜನ ಹುಡುಗರು. ಹಿಂದಿನ ಚಕ್ರ ಪಂಕ್ಚರ್. "ಅಣ್ಣಾ, ಸ್ವಲ್ಪ ಬೇಗ ಮಾಡಿಕೊಡಿ, ಸನ್‌ಸೆಟ್‌ಗೆ ಆಗುಂಬೆ ತಲುಪಬೇಕು" ಅಂದರು. ಜುಲೈ ತಿಂಗಳಲ್ಲಿ ಆಗುಂಬೆಯಲ್ಲಿ ಸೂರ್ಯಾಸ್ತ! "ಆ ಸೂರ್ಯ ಇನ್ನು ಮಳೆ ಬಿಟ್ಟ ಮೇಲೆ ಸಿಗೋದು ಮಾರಾಯ, ನಿಧಾನಕ್ಕೆ ಟೀ ಕುಡಿದು ಬನ್ನಿ" ಅಂದೆ. ಪಂಕ್ಚರ್ ಹಾಕಿದ ಮೇಲೆ ಅಭ್ಯಾಸ ನೋಡಿ, ಮುಂದಿನ ಚಕ್ರಗಳ ಒಳಮಗ್ಗುಲಿಗೂ ಕೈ ಹಾಕಿದೆ. ಬೆರಳಿಗೆ ಏನೋ ಚುಚ್ಚಿತು. ತಂತಿ! ಹೊರಗಿನಿಂದ ನೋಡಿದರೆ ಟೈರ್ ಅರ್ಧ ಜೀವ ಇದೆ ಅನ್ನುವ ಹಾಗಿತ್ತು. ಒಳ ಅಂಚು ಮಾತ್ರ ಪೂರ್ತಿ ಸವೆದು, ರಬ್ಬರ್ ಹೋಗಿ, ಕೆಳಗಿನ ಸ್ಟೀಲ್ ತಂತಿ ಕೂದಲಿನ ಹಾಗೆ ಎದ್ದಿತ್ತು. ಅಲೈನ್‌ಮೆಂಟ್, ಅಂದರೆ ಚಕ್ರಗಳ ನೇರ, ತಪ್ಪಿದ ಗಾಡಿಯಲ್ಲಿ ಹೀಗೇ ಆಗುವುದು. ಹುಡುಗನಿಗೆ ನಂಬಿಕೆ ಬರಲಿಲ್ಲ. "ಮೊನ್ನೆ ತಾನೇ ಸರ್ವಿಸ್ ಆಗಿದೆಯಲ್ಲಾ" ಅಂದ. ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ, ಮೊಬೈಲ್ ಟಾರ್ಚ್ ಹಾಕಿ ನೋಡು ಅಂದೆ. ನೋಡಿದ. ಆಮೇಲೆ ಮಾತಿಲ್ಲ.

ಇದನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಸ್ಟೇರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿದರೆ ಮುಂದಿನ ಟೈರಿನ ಒಳಮಗ್ಗುಲು ಹೊರಗೆ ಕಾಣುತ್ತದೆ. ಕೈಯಾಡಿಸುವಾಗ ಸ್ವಲ್ಪ ಜೋಪಾನ, ತಂತಿ ಎದ್ದಿದ್ದರೆ ಚುಚ್ಚುತ್ತದೆ.

ಆ ಹುಡುಗರಿಗೆ ಎರಡು ಹೊಸ ಟೈರ್ ಬೇಕಾಯಿತು. ಅಲ್ಲೇ ಇನ್ನೊಂದು ಜಗಳ. ಹೊಸದನ್ನು ಮುಂದೆ ಹಾಕಿ, ಎಂಜಿನ್ ಮುಂದೆ ತಾನೇ ಇರೋದು ಅಂತ ಅವರ ವಾದ. ಬರುವವರಲ್ಲಿ ಮುಕ್ಕಾಲು ಜನ ಹೀಗೇ ಹೇಳುತ್ತಾರೆ. ನಾನು ಹಿಂದಿನ ಎರಡನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದೆ ಹಾಕುತ್ತೇನೆ. ಮುಂದಿನ ಚಕ್ರ ಜಾರಿದರೆ ಡ್ರೈವರ್‌ಗೆ ಸ್ಟೇರಿಂಗ್‌ನಲ್ಲಿ ಗೊತ್ತಾಗುತ್ತದೆ, ವೇಗ ಇಳಿಸಿದರೆ ಹಿಡಿತ ವಾಪಸ್ ಬರುತ್ತದೆ. ಹಿಂದಿನ ಚಕ್ರ ಜಾರಿದರೆ ಗಾಡಿ ಬುಗುರಿಯಾಗುತ್ತದೆ, ಏನಾಯಿತು ಅಂತ ತಿಳಿಯುವ ಹೊತ್ತಿಗೆ ಮುಖ ಬಂದ ದಾರಿಗೆ ತಿರುಗಿರುತ್ತದೆ. ಒದ್ದೆ ತಿರುವಿನಲ್ಲಿ ಹಿಂದಿನ ಟೈರೇ ಗಟ್ಟಿ ಇರಬೇಕು.

ಗಾಳಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ. "ಮಳೆ ಅಲ್ವಾ, ಗಾಳಿ ಸ್ವಲ್ಪ ಇಳಿಸಿ, ಗ್ರಿಪ್ ಬರುತ್ತೆ" ಅಂತ ಕೇಳುವವರು ಬಹಳ. ಅದು ಮರಳಿಗೆ, ಕೆಸರಿಗೆ ಸಿಕ್ಕಿಕೊಂಡಾಗ ಮಾಡುವ ಉಪಾಯ. ಟಾರ್ ರಸ್ತೆಯಲ್ಲಿ ಗಾಳಿ ಕಡಿಮೆಯಾದ ಟೈರ್ ಇನ್ನೂ ಬೇಗ ನೀರಿನ ಮೇಲೆ ಹತ್ತುತ್ತದೆ. ಡ್ರೈವರ್ ಬಾಗಿಲು ತೆಗೆದರೆ ಅದರ ಪಕ್ಕದ ಕಾರಿನ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಬರೆದಷ್ಟೇ ಹಾಕಿಸಿ. ಸ್ಟೆಪ್ನಿಗೂ ಹಾಕಿಸಿ. ಅದನ್ನು ಎಲ್ಲರೂ ಮರೆಯುತ್ತಾರೆ.

ಈಗ ಒಂದು ಕಾನೂನಿನ ಮಾತು. ಹಳದಿ ಬೋರ್ಡಿನ ಟ್ಯಾಕ್ಸಿಗೆ ಹೊಸದರಲ್ಲಿ 2 ವರ್ಷಕ್ಕೊಮ್ಮೆ, 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್.ಸಿ., ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್, ಆಗಬೇಕು. ಬ್ರೇಕು, ಲೈಟು, ಟೈರು ಯಾರಾದರೂ ಒಬ್ಬರು ನೋಡುತ್ತಾರೆ. ಬಿಳಿ ಬೋರ್ಡಿನ ಸ್ವಂತ ಕಾರನ್ನು 15 ವರ್ಷ ಯಾರೂ ಕೇಳುವುದಿಲ್ಲ. ಹೊಗೆ ಸರ್ಟಿಫಿಕೇಟ್ ಇದೆಯಾ, ಇನ್ಶೂರೆನ್ಸ್ ಇದೆಯಾ, ಬೆಲ್ಟ್ ಹಾಕಿದ್ದೀಯಾ ಅಂತ ರಸ್ತೆಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಟೈರ್ ಹೇಗಿರಬೇಕು ಅಂತಲೂ 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಬರೆದಿದೆಯಲ್ಲ. ಮೇ ತಿಂಗಳಲ್ಲಿ ಹೆಲ್ಮೆಟ್ ತಪಾಸಣೆಗೆ ನಿಂತವರು ಹಾಗೇ ಒಮ್ಮೆ ಬಗ್ಗಿ ಚಕ್ರ ನೋಡಿದರೆ ಆಗದಾ? ದಂಡ ಹಾಕುವುದು ಬೇಡ. "ಇದು ಮಳೆಗೆ ಆಗಲ್ಲ, ಬದಲಾಯಿಸು" ಅಂತ ಹೇಳಿ ಕಳಿಸಿದರೂ ಸಾಕು.

ಇನ್ನು ಘಾಟಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ತಿರುವಿನ ದಾರಿ ನಮ್ಮವರಿಗೆಲ್ಲ ಗೊತ್ತು. ಘಾಟಿ ಕೆಳಗಿನ ಹೆಬ್ರಿಯಲ್ಲಿ ಗ್ಯಾರೇಜ್ ಇಟ್ಟಿರುವ ನಮ್ಮ ಭಾವ ಹೇಳುವ ಪ್ರಕಾರ, ಘಾಟಿ ಇಳಿದು ಬಂದ ಗಾಡಿ ಯಾವುದು ಅಂತ ಅವರಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತಾಗುತ್ತದಂತೆ. ಬ್ರೇಕ್ ಲೈನರ್ ಸುಟ್ಟ ವಾಸನೆ ಗಾಡಿಗಿಂತ ಮುಂಚೆ ಒಳಗೆ ಬರುತ್ತದೆ. ಒಮ್ಮೆ ಒಬ್ಬರು ಬಂದು ಬ್ರೇಕ್ ಹಿಡಿಯುತ್ತಿಲ್ಲ ಅಂದರಂತೆ. ಯಾವ ಗೇರ್‌ನಲ್ಲಿ ಇಳಿಸಿದಿರಿ ಅಂತ ಭಾವ ಕೇಳಿದರೆ "ಗೇರ್ ಯಾಕೆ, ಇಳಿಜಾರು ಅಲ್ವಾ, ನ್ಯೂಟ್ರಲ್" ಅಂತ ಉತ್ತರ. ಮಿಕ್ಕಿದ ಪೆಟ್ರೋಲ್ ಎಷ್ಟು, ಹೋದ ಲೈನರ್ ಎಷ್ಟು ಅಂತ ಭಾವನೇ ಲೆಕ್ಕ ಹಾಕಿ ಬಿಲ್ ಕೊಟ್ಟರಂತೆ.

ಹಳೇ ಲಾರಿ ಡ್ರೈವರ್‌ಗಳು ಹೇಳುವ ಮಾತು ಒಂದೇ: ಹತ್ತಿದ ಗೇರ್‌ನಲ್ಲೇ ಇಳಿ. ಎರಡನೇ ಗೇರ್‌ನಲ್ಲಿ ಹತ್ತುವ ಏರನ್ನು ಎರಡನೇ ಗೇರ್‌ನಲ್ಲೇ ಇಳಿಸಿದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಬಿಸಿಯಾಗುವುದಿಲ್ಲ. ಆಟೋಮ್ಯಾಟಿಕ್ ಕಾರಿನಲ್ಲೂ ಕೆಳಗಿನ ಗೇರ್‌ಗೆ ಇಳಿಸುವ ವ್ಯವಸ್ಥೆ ಇದೆ, ಎಲ್ಲಿದೆ ಅಂತ ಮನೆಯಲ್ಲೇ ನೋಡಿಕೊಂಡು ಹೊರಡಿ. ತಿರುವಿನ ಮಧ್ಯೆ ಬ್ರೇಕ್ ಹಿಡಿಯುವುದಕ್ಕಿಂತ ತಿರುವಿಗೆ ಮುಂಚೆಯೇ ವೇಗ ಇಳಿಸುವುದು ಕ್ಷೇಮ. ಇಕ್ಕಟ್ಟು ಜಾಗದಲ್ಲಿ ಮೇಲೆ ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು. ಇದು ಬರೀ ಸೌಜನ್ಯ ಅಲ್ಲ, 2017ರ ವಾಹನ ಚಾಲನಾ ನಿಯಮದಲ್ಲೇ ಇದೆ. ನಮ್ಮ ಘಾಟಿಯಲ್ಲಿ ಇದನ್ನು ಪಾಲಿಸುವವರು ಬಸ್ಸಿನವರು ಮಾತ್ರ ಅಂತ ನನ್ನ ಅಭಿಪ್ರಾಯ. ಬಸ್ಸಿನವರ ಬಗ್ಗೆ ಬೇರೆ ದೂರು ಎಷ್ಟೇ ಇರಲಿ.

ಬ್ರೇಕ್ ಜೋರಾಗಿ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದ ಹಾಗೆ ನೋಡಿಕೊಳ್ಳುವ ಎ.ಬಿ.ಎಸ್. ಬಗ್ಗೆ ಒಂದು ಮಾತು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಜಾರುವ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಪೆಡಲ್ ಕಾಲಿನ ಕೆಳಗೆ ಗಡಗಡ ಅಂತ ಒದೆಯುತ್ತದೆ. ಏನೋ ಮುರಿಯಿತು ಅಂತ ಹೆದರಿ ಜನ ಕಾಲು ಎತ್ತಿಬಿಡುತ್ತಾರೆ. ಎತ್ತಬಾರದು. ಅದು ಕೆಲಸ ಮಾಡುವ ರೀತಿಯೇ ಹಾಗೆ. ಒತ್ತಿ ಹಿಡಿದುಕೊಂಡೇ ಸ್ಟೇರಿಂಗ್ ತಿರುಗಿಸಬಹುದು. ಆದರೆ ಎ.ಬಿ.ಎಸ್. ಇದೆ ಅಂತ ಮುಂದಿನ ಗಾಡಿಯ ಬಾಲ ಹಿಡಿದು ಹೋಗುವುದು ದಡ್ಡತನ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡಿರುತ್ತದೆ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಆ 17 ಮೀಟರ್ ಮುಗಿದಿರುತ್ತದೆ. ಮುಂದಿನ ಗಾಡಿ ದಾಟಿದ ಕಂಬವನ್ನು ನೀವು ದಾಟಲು 4 ಸೆಕೆಂಡ್ ಆದರೂ ಹಿಡಿಯಬೇಕು. ವೇಗ ಅರ್ಧಕ್ಕೆ ಇಳಿಸಿದರೆ ಬ್ರೇಕ್ ಹಿಡಿದ ಮೇಲೆ ಜಾರುವ ದೂರ ಕಾಲು ಭಾಗಕ್ಕೆ ಇಳಿಯುತ್ತದೆ.

ನನಗೆ ಅತೀ ಸಿಟ್ಟು ತರಿಸುವುದು ಆ ನಾಲ್ಕೂ ಇಂಡಿಕೇಟರ್ ಮಿಣಮಿಣ ಹೊಡೆಸಿಕೊಂಡು ಓಡಿಸುವವರು. ಮಳೆ ಜೋರಾಯಿತು, ಮಂಜು ಕವಿಯಿತು ಅಂದರೆ ಸಾಕು, ಆ ಕೆಂಪು ತ್ರಿಕೋನದ ಬಟನ್ ಒತ್ತಿಬಿಡುತ್ತಾರೆ. ಅದು ಇರುವುದು ಗಾಡಿ ಕೆಟ್ಟು ರಸ್ತೆಯಲ್ಲಿ ನಿಂತಾಗ. ಹಾಕಿಕೊಂಡು ಓಡಿಸಿದರೆ ನೀವು ಬಲಕ್ಕೆ ತಿರುಗುತ್ತೀರಾ, ಎಡಕ್ಕೆ ಹೋಗುತ್ತೀರಾ, ನಿಂತೇ ಇದ್ದೀರಾ, ಹಿಂದಿನವನಿಗೆ ಏನೂ ಗೊತ್ತಾಗುವುದಿಲ್ಲ. ಹಗಲಾದರೂ ಹೆಡ್‌ಲೈಟ್ ಡಿಮ್‌ನಲ್ಲಿ ಹಾಕಿ. ಆಗ ಹಿಂದಿನ ಕೆಂಪು ಲೈಟೂ ಉರಿಯುತ್ತದೆ. ಮಂಜಿನಲ್ಲಿ ಬ್ರೈಟ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಎದುರಿನವನಿಗೂ ಕಣ್ಣು ಕತ್ತಲೆ. ಗಾಜು ಒಳಗಿನಿಂದ ಮಬ್ಬಾದರೆ ಬಟ್ಟೆ ಹಿಡಿದು ಒರೆಸುತ್ತಾ ಒಂದು ಕೈಯಲ್ಲಿ ಓಡಿಸಬೇಡಿ. ಎ.ಸಿ. ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಕ್ಷಣದಲ್ಲಿ ತಿಳಿಯಾಗುತ್ತದೆ. ಚಳಿಯಲ್ಲಿ ಎ.ಸಿ. ಯಾಕೆ ಅಂತ ನಮ್ಮ ಹಿರಿಯರು ಬೈದರೆ ಬೈಸಿಕೊಳ್ಳಿ.

ರಸ್ತೆಗೆ ಅಂತ ಗುಡ್ಡದ ಧರೆ ಕಡಿದ ಜಾಗದ ಕೆಳಗೆ ಮಳೆಯಲ್ಲಿ ನಿಲ್ಲಬೇಡಿ. ಫೋಟೊಕ್ಕೂ ಬೇಡ, ಟೀಗೂ ಬೇಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದನ್ನು ನಿಮ್ಮ ಓದುಗರು ಮರೆತಿರಲಾರರು. ರಸ್ತೆ ಬದಿ ನಿಂತಿದ್ದ ಲಾರಿಯೊಂದನ್ನು ಗಂಗಾವಳಿ ನದಿಯಿಂದ ಮೇಲೆತ್ತುವ ಹೊತ್ತಿಗೆ ಸೆಪ್ಟೆಂಬರ್ ಬಂದಿತ್ತು. ಅಲ್ಲಿ ನಿಂತವರ ತಪ್ಪು ಏನೂ ಇರಲಿಲ್ಲ. ದಿನಾ ನಿಲ್ಲುವ ಜಾಗ ಅದು. ಆದರೆ ಧರೆಯಿಂದ ಕೆಸರು ನೀರು ಇಳಿಯುತ್ತಿದೆ, ಸಣ್ಣ ಕಲ್ಲು ಉದುರುತ್ತಿದೆ, ಮರ ವಾಲಿದೆ ಅಂತ ಕಂಡರೆ ಅಲ್ಲಿಂದ ಮುಂದೆ ಹೋಗಿಬಿಡುವುದು ನಮ್ಮ ಕೈಯಲ್ಲಿದೆ.

ರಸ್ತೆಗೆ ನೀರು ಬಂದಾಗ ನಮ್ಮೂರ ಜನಕ್ಕೂ ಬೆಂಗಳೂರಿನವರಿಗೂ ಬುದ್ಧಿ ಒಂದೇ ರೀತಿ ಕೈಕೊಡುತ್ತದೆ. ಮುಂದಿನವನು ದಾಟಿದ, ನಾನೂ ದಾಟುತ್ತೇನೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಹುಡುಗಿ ಜೀವ ಬಿಟ್ಟಳು. ವಿಧಾನಸೌಧಕ್ಕೆ ಅಷ್ಟು ಹತ್ತಿರ, ಹಾಡಹಗಲು. ಒಂದು ಅಡಿ ನೀರಿಗೆ ಸಣ್ಣ ಕಾರು ತೇಲಲು ಶುರುವಾಗುತ್ತದೆ. ಎರಡು ಅಡಿ ನೀರು ರಭಸದಲ್ಲಿ ಹರಿಯುತ್ತಿದ್ದರೆ ಜೀಪೂ ನಿಲ್ಲುವುದಿಲ್ಲ. ಹಳ್ಳದ ಮೋರಿ ಮೇಲೆ ಕೆಂಪು ನೀರು ಹರಿಯುವಾಗ ಕೆಳಗೆ ಟಾರ್ ಇದೆಯೋ ಕೊಚ್ಚಿಹೋಗಿದೆಯೋ ಕಾಣುವುದಿಲ್ಲ. ಕಾಯಬೇಕು, ಇಲ್ಲವೇ ಸುತ್ತು ಬಳಸಿ ಹೋಗಬೇಕು. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ನೀರು ಒಳಗೆ ಎಳೆದುಕೊಂಡ ಎಂಜಿನ್ ಹಾಗೆ ಮಾಡಿದರೆ ಒಳಗಿನ ರಾಡ್ ಬಗ್ಗಿ ಕೂರುತ್ತದೆ. ಮಾಮೂಲಿ ಇನ್ಶೂರೆನ್ಸ್‌ನಲ್ಲಿ ಅದಕ್ಕೆ ದುಡ್ಡು ಹುಟ್ಟುವುದು ಕಷ್ಟ. ನೀರು ದಾಟಿದ ಮೇಲೆ ನಿಧಾನವಾಗಿ ಹೋಗುತ್ತಾ ನಾಲ್ಕೈದು ಸಲ ಬ್ರೇಕ್ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ.

ಕೊನೆಗೆ ಬೈಕು, ಸ್ಕೂಟರ್. ಟೈರಿನ ಕಥೆ ಅವಕ್ಕೂ ಅದೇ, ಮತ್ತೆ ಹೇಳುವುದಿಲ್ಲ. ನಾನು ಹೇಳಬೇಕಾದದ್ದು ಕೊಡೆ ವಿಷಯ. ಅಂಗಡಿ ಮುಂದೆ ದಿನಾ ನೋಡುತ್ತೇನೆ. ಗಂಡ ಸ್ಕೂಟರ್ ಓಡಿಸುತ್ತಿರುತ್ತಾನೆ, ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತ ಹೆಂಡತಿ ಕೊಡೆ ಬಿಡಿಸಿ ಇಬ್ಬರ ತಲೆ ಮೇಲೂ ಹಿಡಿದಿರುತ್ತಾಳೆ. ಕೆಲವೊಮ್ಮೆ ಮಧ್ಯೆ ಮಗು. ಎದುರಿನಿಂದ ಒಂದು ಬಸ್ಸು ಬಂತು ಅಂದರೆ ಅದರ ಗಾಳಿಗೆ ಕೊಡೆ ತಿರುಚಿ ಹಿಂದಕ್ಕೆ ಎಳೆಯುತ್ತದೆ. ಕೈ ಬಿಡಬೇಕು, ಆದರೆ ಯಾರೂ ಬಿಡುವುದಿಲ್ಲ. ಕೊಡೆ ಉಳಿಸಿಕೊಳ್ಳಲು ಹೋಗಿ ಮನುಷ್ಯರೇ ಹಿಂದಕ್ಕೆ ಬೀಳುತ್ತಾರೆ. ಹಿಂದಿನವರಿಗೂ ಒಂದು ಒಳ್ಳೆ ರೇನ್‌ಕೋಟ್, ಒಂದು ಹೆಲ್ಮೆಟ್ ಕೊಡಿಸುವುದು ಯಾರಿಗೂ ಭಾರ ಅಲ್ಲ. ಕೊಡಿಸುವಾಗ ಕಪ್ಪು ಬಣ್ಣದ್ದು ಬೇಡ. ಮಳೆಗಾಲದ ಸಂಜೆ ಐದೂವರೆಗೆ ಮರಗಳ ಕೆಳಗೆ ಕಪ್ಪು ಕೋಟಿನವರು ಕಾಣುವುದೇ ಇಲ್ಲ. ಹಳದಿ ತಗೊಳ್ಳಿ. ಹುಡುಗರು ನಗುತ್ತಾರೆ, ನಗಲಿ. ಮತ್ತೆ ನಮ್ಮ ಒಳರಸ್ತೆಗಳಲ್ಲಿ ಆರಿದ್ರ ಮಳೆ ಹೊತ್ತಿಗೆ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ. ಎದುರಿನ ಗಾಡಿಗೆ ದಾರಿ ಬಿಡಲು ಅಂಚಿಗೆ ಇಳಿದು ಬ್ರೇಕ್ ಹಿಡಿದರೆ ಸೀದಾ ಚರಂಡಿ. ಮೊದಲು ವೇಗ ಇಳಿಸಿ, ಆಮೇಲೆ ಅಂಚಿಗೆ ಹೋಗಬೇಕು.

ಸಂಬಂಧಪಟ್ಟವರಿಗೂ ಒಂದು ಮಾತು. ಗುಂಡಿ ಮುಚ್ಚುವ ಜೊತೆಗೆ ಮೇ ತಿಂಗಳಲ್ಲೇ ರಸ್ತೆ ಅಂಚಿನ ಬಿಳಿ ಗೆರೆ ಎಳೆಸಿ, ಚರಂಡಿ ಬಿಡಿಸಿ. ಮಂಜಿನಲ್ಲಿ ಓಡಿಸುವವನಿಗೆ ಆ ಗೆರೆ ಬಿಟ್ಟರೆ ಬೇರೆ ದಿಕ್ಕಿಲ್ಲ. ಚರಂಡಿ ಕಟ್ಟಿಕೊಂಡರೆ ನೀರು ರಸ್ತೆಗೇ ಬರುತ್ತದೆ, ಬೇಸಿಗೆಯಲ್ಲಿ ಹಾಕಿದ ಟಾರ್ ಹಾಳಾಗುವುದೂ ಅದರಿಂದಲೇ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ ಇದೆ. ಮಳೆಗಾಲದಲ್ಲಿ ಎಲ್ಲೆಲ್ಲಿ ಎಷ್ಟು ಮಿ.ಮೀ. ಮಳೆ ಬಿತ್ತು ಅಂತ ದಿನಾ ಹಾಕುತ್ತೀರಿ. ಅದರ ಪಕ್ಕದಲ್ಲೇ ಆಗುಂಬೆ, ಹುಲಿಕಲ್, ಚಾರ್ಮಾಡಿ, ಶಿರಾಡಿ, ಸಂಪಾಜೆ ಅಂತ ಐದು ಹೆಸರು ಬರೆದು, ಯಾವುದು ತೆರೆದಿದೆ, ಯಾವುದರಲ್ಲಿ ಯಾವ ಗಾಡಿಗೆ ನಿರ್ಬಂಧ ಇದೆ ಅಂತ ಒಂದು ಸಣ್ಣ ಚೌಕ ಹಾಕಿ. ಘಾಟಿ ಬಂದ್ ಅನ್ನುವ ಸುದ್ದಿ ಈಗ ಯಾವುದೋ ಒಳಪುಟದಲ್ಲಿ ಒಂದು ದಿನ ಬಂದು ಹೋಗುತ್ತದೆ. ಅದನ್ನು ಓದದೆ ಆಗುಂಬೆ ತನಕ ಹೋಗಿ ವಾಪಸ್ ಬಂದ ಲಾರಿಯವರು ರಾತ್ರಿ ನನ್ನ ಅಂಗಡಿ ಮುಂದೆ ನಿಲ್ಲಿಸಿ ಶೃಂಗೇರಿ, ಕೆರೆಕಟ್ಟೆ ಮೇಲೆ ಕಾರ್ಕಳಕ್ಕೆ ದಾರಿ ಕೇಳುತ್ತಾರೆ. ಬೆಳಿಗ್ಗೆಯೊಳಗೆ ಲೋಡ್ ಇಳಿಸಬೇಕು ಅನ್ನುವ ಅವಸರದಲ್ಲಿ, ಗೊತ್ತಿಲ್ಲದ ರಸ್ತೆಯಲ್ಲಿ, ಆ ಮಳೆಯಲ್ಲಿ ಹೊರಡುತ್ತಾರೆ. ಚೌಕ ಮುಖಪುಟದಲ್ಲಿ ಇದ್ದರೆ ಶಿವಮೊಗ್ಗದಲ್ಲೇ ಬೇರೆ ದಾರಿ ಹಿಡಿಯಬಹುದಿತ್ತು.

— ಟೈರ್ ಅಂಗಡಿಯವ, ತೀರ್ಥಹಳ್ಳಿ